ಹೊಸಂತೆ, ಯಾರಿಗಂತೆ

ಆ ಶಿಶುವಿಹಾರದ ಮಕ್ಕಳಿಗೆ ವಸಂತ ಅಂದರೆ ಗೊತ್ತಿರಲಿಲ್ಲ. ಹೊಸಂತೆ ಅಂದರೆ ಗೊತ್ತಿತ್ತು.

ಚಳಿ ಕಾಲು ತೆಗೆದು, ಬೆಳಗಿನ ಬಿಸಿಲು ಬೆನ್ನಿಗೆ ಹಿತವೆನಿಸುವ ಹೊತ್ತಿಗೆ ಆಯಮ್ಮ ಒಂದು ದಿನ ಬೀರುವಿನ ತಳದಿಂದ ತನ್ನ ಹಗ್ಗ ಹೊರತೆಗೆಯುತ್ತಿದ್ದಳು. ಹಳೆಯ ಹೊದಿಕೆಗಳನ್ನು ಸೀಳಿ ಜಡೆಯಂತೆ ಹೆಣೆದ ಹಗ್ಗ. ಮೊಳಕ್ಕೊಂದು ಗಂಟು, ಗಂಟಿಗೊಂದು ಮಗು. ಮುಂದೆ ಆಯಮ್ಮ, ಹಿಂದೆ ಟೀಚರ್, ನಡುವೆ ಹದಿನೇಳು ಮಕ್ಕಳು. ಹಾಗೆ ಬೇಕರಿ ದಾಟಿ, ಬೀಗ ರಿಪೇರಿಯವನ ಅಂಗಡಿ ದಾಟಿ ಉದ್ಯಾನಕ್ಕೆ ಹೋಗುವುದು. ಅಲ್ಲಿ ಪ್ರತಿಯೊಬ್ಬರೂ ನಿನ್ನೆ ಇರದಿದ್ದ ಒಂದನ್ನು ಹುಡುಕಬೇಕು. ಚಿಗುರೋ, ಮೊಗ್ಗೋ, ಇರುವೆ ತೋಡಿದ ಹೊಸ ಗೂಡೋ, ಏನಾದರೂ ಸರಿ. ಸಿಕ್ಕ ಕೂಡಲೇ ಗಟ್ಟಿಯಾಗಿ "ಹೊಸಂತೆ" ಅನ್ನಬೇಕು. ಕೀಳುವಂತಿಲ್ಲ, ಮುಟ್ಟುವುದಾದರೆ ಒಂದೇ ಬೆರಳಲ್ಲಿ. ಇಷ್ಟೇ ಆಟ. ಮೂವತ್ತು ವರ್ಷದಿಂದ ಇದೇ ಆಟ.

"ಆ ಪದ ತಪ್ಪಲ್ವಾ ಆಯಮ್ಮ?" ಎಂದು ಈ ವರ್ಷ ಹೊಸದಾಗಿ ಬಂದ ಟೀಚರ್ ಕೇಳಿದ್ದಳು. "ವಸಂತ ಅಂತ ಸರಿಯಾಗಿ ಹೇಳಿಕೊಡೋಣ."

"ಹೇಳಿಕೊಡಿ ಮೇಡಂ. ಕಲೀತಾರೆ, ಮರೀತಾರೆ. ಇದನ್ನ ಮಾತ್ರ ಇಲ್ಲೀವರೆಗೂ ಯಾರೂ ಮರೆತಿಲ್ಲ."

ಆ ತಪ್ಪು ಮೊದಲು ಮಾಡಿದವಳು ಆಯಮ್ಮನ ಮಗಳು. ಆಗವಳಿಗೆ ಮೂರೂವರೆ ವರ್ಷ. ಹಿತ್ತಿಲ ಗೋಡೆಯ ಬಿರುಕಿನಲ್ಲಿ ಎರಡೆಲೆ ಬಿಟ್ಟ ಸಸಿಯೊಂದನ್ನು ತೋರಿಸಿ ತಾಯಿ, "ನೋಡೇ, ವಸಂತ ಬಂತು" ಅಂದಿದ್ದಳು. ಮಗು ಮಂಡಿಯೂರಿ ಕೂತು ನೋಡಿತು. ತುಂಬ ಹೊತ್ತು ಯೋಚಿಸಿ, ಯಾರೋ ತಂದು ಮುಟ್ಟಿಸಿದ ಸುದ್ದಿಯನ್ನು ಒಪ್ಪಿಕೊಂಡವಳ ಹಾಗೆ, "ಹೊಸಂತೆ" ಅಂದಿತು.

ತಾಯಿ ನಗು ತಡೆದುಕೊಂಡು, "ಯಾರಿಗಂತೆ?" ಅಂದಳು.

"ನೋಡಿದೋರಿಗಂತೆ."

ದೊಡ್ಡವರು ನೂರು ಪುಟ ಬರೆದು ಹೇಳಲಾಗದ್ದನ್ನು ದೇವರು ಒಮ್ಮೊಮ್ಮೆ ಹಾಲುಹಲ್ಲಿನ ಬಾಯಲ್ಲಿ ಹೇಳಿಸಿಬಿಡುತ್ತಾನೆ. ಮೊದಲ ಮಾತನ್ನು ಆಯಮ್ಮ ಶಿಶುವಿಹಾರದ ಮಕ್ಕಳಿಗೆಲ್ಲ ಹಂಚಿದಳು. ಉಳಿದೆರಡನ್ನು ಹಂಚಲಿಲ್ಲ. "ಅದು ನಮ್ಮಿಬ್ಬರದು, ಯಾರಿಗೂ ಹೇಳಬೇಡ" ಎಂದು ಮಗಳ ಕಿವಿಯಲ್ಲಿ ಹೇಳಿದ್ದಳು. ಮಗಳು ಬೆಳೆದು ಆಸ್ಪತ್ರೆಯ ಕೆಲಸಕ್ಕೆ ಸೇರಿದ ಮೇಲೂ, ಹೊಸ ಚಪ್ಪಲಿ ಕೊಂಡರೆ ಬಾಗಿಲಲ್ಲೇ ನಿಂತು "ಹೊಸಂತೆ" ಅನ್ನುವಳು. ತಾಯಿ ಒಲೆಯ ಮುಂದಿನಿಂದ "ಯಾರಿಗಂತೆ?" ಅನ್ನುವಳು.

ಆ ಮಗಳು ಮನೆ ಬಿಟ್ಟು ಹೋಗಿ ಏಳು ವರ್ಷವಾಗಿತ್ತು.

ಯಾಕೆ ಹೋದಳು ಅನ್ನುವುದನ್ನೂ ಹೇಳಿಬಿಡಬೇಕು. ಮದುವೆಯಾದ ಎರಡೇ ವರ್ಷಕ್ಕೆ ಅವಳ ಗಂಡ ಜ್ವರ ಬಂದು ತೀರಿಹೋದ. ತಾಯಿಯ ಮನೆಗೆ ಮರಳಿ ಮೂರು ವರ್ಷ ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಹೋಗಿ ಬಂದಳು. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ, ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂರುವವನನ್ನು ಮದುವೆಯಾಗುತ್ತೇನೆ ಅಂದಳು. ಆಯಮ್ಮ ಮೆಟ್ಟಿಲ ಬಳಿ ಬಟ್ಟೆ ಹಿಂಡುತ್ತಿದ್ದಳು. ದೇವರಿಗೆ ಹೆದರುವ ಹೆಂಗಸು. ಆದರೆ ಆ ಬೆಳಿಗ್ಗೆ ಹೆದರಿದ್ದು ಮೇಲಿನ ಮನೆಯವರಿಗೆ, ಎದುರು ಮನೆಯವರಿಗೆ. ನಾಲ್ಕು ಬಾಗಿಲಿಗೆ ಕೇಳುವ ಹಾಗೆ ಅಂದುಬಿಟ್ಟಳು: "ಹೊಸಂತೆ. ಹೊಸ ಗಂಡನಂತೆ. ಯಾರಿಗಂತೆ? ನಾಚಿಕೆ ಬಿಟ್ಟೋರಿಗಂತೆ."

ಮಗಳು ಜಗಳಕ್ಕೆ ಬರಲಿಲ್ಲ. ಸಂಜೆ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತು, "ಅಮ್ಮಾ, ಅದು ನಮ್ಮ ಮಾತಾಗಿತ್ತು" ಅಂದಳು. ಅಷ್ಟೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೊದಲ ವರ್ಷ ಆಯಮ್ಮ, "ಬೇಕಾದರೆ ಅವಳೇ ಬರಲಿ" ಅನ್ನುತ್ತಿದ್ದಳು. ಎರಡನೆಯ ವರ್ಷ, "ಬಂದರೆ ನಾನೇನು ಬೇಡ ಅಂತೀನಾ" ಅನ್ನುತ್ತಿದ್ದಳು. ಆಮೇಲೆ ಮನುಷ್ಯರ ಮುಂದೆ ಏನೂ ಅನ್ನುತ್ತಿರಲಿಲ್ಲ. ಬೆಳಿಗ್ಗೆ ಕೈಮುಗಿದಾಗ ಮಾತ್ರ, ಬೇಡಿಕೆಯ ಕೊನೆಗೆ ಬಾಲದ ಹಾಗೆ ಒಂದು ಮಾತು ಸೇರಿಕೊಳ್ಳುತ್ತಿತ್ತು: ಒಂದು ಸಲ ನೋಡುವ ಹಾಗೆ ಮಾಡಪ್ಪ. ಮಗಳಿಗೊಂದು ಹೆಣ್ಣುಮಗುವಾಗಿದೆ ಎಂದು ಯಾರದೋ ಬಾಯಿಂದ ಕೇಳಿದ್ದಳು. ಲೋಕದ ಮಕ್ಕಳ ಮೂಗೆಲ್ಲ ಒರೆಸಿದ ಕೈ ಅದು. ಆ ಒಂದು ಮೂಗನ್ನು ಕಂಡಿರಲಿಲ್ಲ. ಈಗದಕ್ಕೆ ಐದು ನಡೆಯುತ್ತಿರಬೇಕು.

ಆ ಬೆಳಿಗ್ಗೆ ಹಗ್ಗ ಹಿಡಿದ ದಂಡು ಉದ್ಯಾನದ ಗೇಟಿಗೆ ಬಂದಾಗ ಮಾಲಿ ತಾತ ಪೈಪು ಹಿಡಿದು ನಿಂತಿದ್ದ.

"ಬಂತಾ ನಿಮ್ಮ ಸೈನ್ಯ?"

"ಬರೀ ನೋಡೋಕೆ ಬಂದಿದ್ದೀವಿ ತಾತ."

"ಹೋದ ವರ್ಷವೂ ಬರೀ ನೋಡೋಕೇ ಬಂದಿದ್ರಿ. ನನ್ನ ಹೂವಿನ ಸಾಲಿಗೆ ಸಾಲೇ ಬೋಳಾಗಿತ್ತು."

"ಆ ಹುಡುಗ ಈಗ ಒಂದನೇ ಕ್ಲಾಸಿಗೆ ಹೋದ. ಅಲ್ಲಿ ಮೇಷ್ಟ್ರ ತಲೆ ಬೋಳು ಮಾಡ್ತಿದ್ದಾನಂತೆ. ನೀವು ಬಚಾವಾದ್ರಿ."

ತಾತ ನಗಲಿಲ್ಲ, ಆದರೆ ಪೈಪಿನ ನೀರನ್ನು ಕಾಲುವೆಗೆ ತಿರುಗಿಸಿದ. ಮಕ್ಕಳು ಎಲೆದೋಣಿ ಬಿಡಲಿ ಅಂತ. ಅವನ ಪ್ರೀತಿ ಯಾವತ್ತೂ ಬೈಗುಳದ ಹಿಂಬಾಗಿಲಿನಿಂದಲೇ ಬರುತ್ತಿತ್ತು.

ಗಂಟು ಬಿಟ್ಟದ್ದೇ ತಡ, ಮಕ್ಕಳು ಮಣಿಸರ ಹರಿದಂತೆ ಚೆಲ್ಲಿಹೋದರು. ಕೆಲವರು ಕಾಲುವೆಯ ಬದಿಗೆ ಕೂತು ಒಣಗಿದ ಎಲೆಯಲ್ಲಿ ಇರುವೆ ಕೂರಿಸಿ ತೇಲಿಬಿಟ್ಟರು. ಇರುವೆಗೆ ಈ ಪ್ರಯಾಣ ಬೇಕಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಟೀಚರ್ ಮರದ ಕಾಂಡಕ್ಕೆ ಕಾಗದ ಒತ್ತಿ ಹಿಡಿದಳು. ಇಬ್ಬರು ಹುಡುಗರು ಅದರ ಮೇಲೆ ಬಣ್ಣದ ಕಡ್ಡಿ ಉಜ್ಜಿದರೆ ತೊಗಟೆಯ ಗೆರೆಗಳೆಲ್ಲ ಎದ್ದು ಬಂದವು. "ಮರದ ಮುಖ ತೆಗೆದ್ವಿ," ಅಂದರು. ಗಾಳಿಯಲ್ಲಿ ಬೀಜದ ಬಿಳಿ ಕುಚ್ಚುಗಳು ತೇಲುತ್ತಿದ್ದವು. ಮಕ್ಕಳು ಅದನ್ನು ಅಜ್ಜನ ಗಡ್ಡ ಅಂತಿದ್ದರು. ಅದರ ಹಿಂದೆ ಓಡುವುದೇ ಒಂದು ಆಟ: ಅಂಗೈ ಚಾಚಿದರೆ ಗಾಳಿ ಅದನ್ನು ತಳ್ಳುತ್ತದೆ, ಸುಮ್ಮನೆ ನಿಂತರೆ ತಾನೇ ಬಂದು ತಲೆಯ ಮೇಲೆ ಕೂರುತ್ತದೆ. ಒಂದು ಕಡೆ ನಿಲ್ಲದ ಹುಡುಗನೊಬ್ಬನಿದ್ದ, ಆಯಮ್ಮ ಅವನನ್ನು ಬುಗುರಿ ಅನ್ನುತ್ತಿದ್ದಳು. ಅವನ ಕೈಗೆ ಒಂದೂ ಸಿಗಲಿಲ್ಲ. ಎಲ್ಲದಕ್ಕೂ ವಾದ ಹೂಡುವ ಹುಡುಗಿ ಲಾಯರಮ್ಮ. ಅವಳು ನಿಂತಲ್ಲೇ ನಿಂತು ಮೂರು ಹಿಡಿದು, ನಾಲ್ಕು ಅಂದಳು.

ಬುಗುರಿ ಒಂದು ಗಿಡದ ಮುಂದೆ ಗಕ್ಕನೆ ನಿಂತ. ಹಸಿರು ಮುಷ್ಟಿಯಂಥ ಮೊಗ್ಗು.

"ತಾತ, ಇದು ಯಾವಾಗ ಬಿಚ್ಕೊಳ್ಳುತ್ತೆ?"

"ಆಮೇಲೆ."

"ಆಮೇಲೆ ಅಂದ್ರೆ ಯಾವಾಗ?" ಎಂದಳು ಲಾಯರಮ್ಮ.

"ಯಾವಾಗ ಯಾವಾಗ ಅಂತ ನೀವು ಕೇಳೋದು ನಿಲ್ಲಿಸಿದ ಮೇಲೆ. ಮೊಗ್ಗಿಗೆ ನಾಚಿಕೆ ಜಾಸ್ತಿ ಕಣಮ್ಮ. ಕೇಳಿದಷ್ಟೂ ಮುದುಡ್ಕೊಳ್ಳುತ್ತೆ."

ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮೊಗ್ಗಿನ ಮುಂದೆ ಕೂತರು. ಎರಡು ನಿಮಿಷ ತಡೆದರು. ಆಮೇಲೆ ಲಾಯರಮ್ಮ ಪಕ್ಕದ ಬೆಂಚಿನ ಕಾಲ ಬಳಿ ಮಣ್ಣು ಸೀಳಿಕೊಂಡು ಬಂದ ಒಂದು ಮೊಳಕೆ ಕಂಡು, ಊರಿಗೆಲ್ಲ ಕೇಳುವಂತೆ ಕೂಗಿದಳು.

"ಹೊಸಂತೆ!"

ಬೆಂಚಿನ ಆ ಬದಿಯಿಂದ ಒಂದು ಸಣ್ಣ ದನಿ ಬಂತು.

"ಯಾರಿಗಂತೆ?"

ಆಯಮ್ಮ ಒಂದು ಮಗುವಿನ ಶೂ ದಾರ ಕಟ್ಟುತ್ತಿದ್ದಳು. ದಾರ ಕೈಯಲ್ಲೇ ಉಳಿಯಿತು.

ಬೆಂಚಿನ ಹಿಂದೆ ಕೂತಿದ್ದವಳು ಮೂರು ವಾರದ ಹಿಂದೆ ಸೇರಿದ ಹುಡುಗಿ. ಬೇರೆ ಊರಿಂದ ಬಂದವರು. ಬೆಳಿಗ್ಗೆ ಅಪ್ಪ ಸ್ಕೂಟರಿನಲ್ಲಿ ಬಿಟ್ಟು ಹೋಗುತ್ತಿದ್ದ, ಮಧ್ಯಾಹ್ನ ಅವನೇ ಕರೆದೊಯ್ಯುತ್ತಿದ್ದ. ತಾಯಿ ಆಸ್ಪತ್ರೆಯಲ್ಲಿ ನರ್ಸ್ ಅಂತೆ, ಗೇಟಿಗೆ ಬಂದವಳಲ್ಲ. ಮಗು ತಿನ್ನುವುದಕ್ಕೆ ಬಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲವಾದ್ದರಿಂದ ಆಯಮ್ಮ ಮೌನಿ ಅಂತ ಕರೆದಿದ್ದಳು. ಆ ಮೌನಿ ಇವತ್ತು ಬಾಯಿ ತೆರೆದು, ಎರಡೇ ಜೀವಕ್ಕೆ ಸೇರಿದ ಮಾತು ಆಡಿತ್ತು.

ಆಯಮ್ಮ ಹತ್ತಿರ ಹೋಗಿ ಮಣ್ಣಿನ ಮೇಲೇ ಕೂತಳು. ಮಂಡಿ ನೋವು ನೆನಪಾಗಲಿಲ್ಲ.

"ಪುಟ್ಟೀ, ಈಗ ಏನಂದೆ?"

ಮಗು ನೆಲ ನೋಡಿತು.

"ಯಾರಿಗಂತೆ ಅಂದ್ರೆ, ಆಮೇಲೆ ಏನನ್ನಬೇಕು?"

"ನೋಡಿದೋರಿಗಂತೆ," ಅಂದಿತು ಮಗು, ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ.

"ಯಾರು ಹೇಳಿಕೊಟ್ಟಿದ್ದು?"

"ಅಮ್ಮ."

"ನಿಮ್ಮಮ್ಮನ ಹೆಸರೇನು ಕಂದಾ?"

"ಅಮ್ಮ."

"ಅದಲ್ಲ ಚಿನ್ನ. ಅಪ್ಪ ಅಮ್ಮನ್ನ ಏನಂತ ಕರೀತಾರೆ?"

ಮಗು ಯೋಚಿಸಿತು. "ಏಯ್ ಅಂತಾರೆ."

ಆಯಮ್ಮನಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ನಿಂಗೆ ಅಜ್ಜಿ ಇದ್ದಾರಾ?"

"ಹೂಂ."

"ಎಲ್ಲಿದ್ದಾರೆ?"

"ಅಜ್ಜಿಗೆ ಕೋಪ," ಅಂದಿತು ಮೌನಿ. ಅಷ್ಟು ಹೇಳಿ, ಹೆಚ್ಚು ಮಾತಾಡಿಬಿಟ್ಟೆ ಅನಿಸಿತೋ ಏನೋ, ತುಟಿ ಬಿಗಿದು ಮೊಳಕೆಯನ್ನು ಒಂದೇ ಬೆರಳಲ್ಲಿ ಮುಟ್ಟಿತು.

ಆಯಮ್ಮ ಮಗುವಿನ ಹಣೆ ನೋಡಿದಳು, ಕಿವಿ ನೋಡಿದಳು, ಹೆಬ್ಬೆರಳು ನೋಡಿದಳು. ಮನಸ್ಸು ಹುಡುಕಿದ್ದನ್ನು ಕಣ್ಣು ತೋರಿಸದೆ ಇರುತ್ತದೆಯೇ? ಹಣೆ ತನ್ನ ಮಗಳದೇ ಅನಿಸಿತು. ಹೆಬ್ಬೆರಳು ತನ್ನದೇ.

ಟೀಚರ್ ಬಂದಳು. "ಇವಳು ಮಾತಾಡಿದ್ಲಾ? ಅಬ್ಬಾ. ಇವತ್ತು ಇವಳ ತಾಯಿಯೇ ಬರ್ತಾರಂತೆ ಆಯಮ್ಮ, ಹನ್ನೆರಡೂವರೆಗೆ. ಅವರಿಗೂ ಹೇಳಬೇಕು, ಖುಷಿಪಡ್ತಾರೆ."

ಆ ತಾಯಿಯ ಹೆಸರೇನು ಎಂದು ಆಗಲೇ ಕೇಳಬಹುದಿತ್ತು. ಟೀಚರ ಫೋನಿನಲ್ಲಿ ಎಲ್ಲರ ಹೆಸರೂ ಇತ್ತು. ಆಯಮ್ಮ ಕೇಳಲಿಲ್ಲ. ಕೇಳಿದರೆ ಹೌದು ಅನ್ನಬಹುದು, ಅಲ್ಲ ಅನ್ನಬಹುದು. ಹನ್ನೆರಡೂವರೆಯವರೆಗೆ ಎರಡೂ ಬೇಡ ಅನಿಸಿತು. ಏಳು ವರ್ಷ ಬರಿಗೈಯಲ್ಲಿ ಕಾದವಳು. ಇವತ್ತು ಕಾಯುವುದಕ್ಕೆ ಕೈತುಂಬ ಇತ್ತು.

ಮರಳುವಾಗ ಮೌನಿಯನ್ನು ಕರೆದು ಹಗ್ಗದ ಮೊದಲನೆಯ ಗಂಟು ಹಿಡಿಸಿದಳು.

"ಅದು ನನ್ನ ಗಂಟು," ಎಂದಳು ಲಾಯರಮ್ಮ.

"ಇವತ್ತೊಂದಿನ ತಾಯಿ."

"ಯಾಕೆ?"

"ಯಾಕೆ ಅಂದ್ರೆ... ಆಮೇಲೆ ಹೇಳ್ತೀನಿ."

"ಎಲ್ಲಾರೂ ಆಮೇಲೆ ಆಮೇಲೆ ಅಂತಾರೆ," ಎಂದು ಗೊಣಗುತ್ತ ಲಾಯರಮ್ಮ ಎರಡನೆಯ ಗಂಟಿಗೆ ಸರಿದಳು.

ದಾರಿಯುದ್ದಕ್ಕೂ ಆಯಮ್ಮ ಮನಸ್ಸಿನಲ್ಲಿ ಮಾತು ಜೋಡಿಸಿದಳು. ಬೀಗದ ಅಂಗಡಿಯವರೆಗೆ, "ಬಂದೆಯಾ ಮಗಳೇ" ಅಂತ ಇತ್ತು. ಬೇಕರಿ ಬರುವ ಹೊತ್ತಿಗೆ ಅದು ಸಾಲದು ಅನಿಸಿ, "ನನ್ನದು ತಪ್ಪಾಯ್ತು" ಎಂದು ಬದಲಾಯಿಸಿದಳು. ಶಿಶುವಿಹಾರದ ಬಾಗಿಲು ಬಂದಾಗ ಒಂದೂ ಉಳಿದಿರಲಿಲ್ಲ. ಮಗುವಿನ ಮುಖ ತೊಳೆದಳು, ತಲೆ ಬಾಚಿದಳು, ಕೂದಲಲ್ಲಿ ಸಿಕ್ಕಿದ್ದ ಅಜ್ಜನ ಗಡ್ಡವೊಂದನ್ನು ತೆಗೆಯಲು ಹೋಗಿ ಹಾಗೇ ಬಿಟ್ಟಳು. ಅವರಮ್ಮ ನೋಡಲಿ.

ಹನ್ನೆರಡೂವರೆಗೆ ಗೇಟಿನ ಹತ್ತಿರ ತಂದೆತಾಯಂದಿರು ಸೇರಿದರು. ಮೌನಿ ಆಯಮ್ಮನ ಕೈ ಬಿಡಿಸಿಕೊಂಡು ಓಡಿ, ಬಿಳಿ ಬಟ್ಟೆಯ ಒಬ್ಬ ಹೆಂಗಸಿನ ಕಾಲು ತಬ್ಬಿಕೊಂಡಿತು.

ಅವಳಲ್ಲ.

ಎತ್ತರದ ಹೆಂಗಸು, ದುಂಡು ಮುಖ. ಆಯಮ್ಮ ಕಂಬ ಹಿಡಿದು ನಿಂತಳು. ಆ ಹೆಂಗಸೇ ನಗುತ್ತ ಎದುರಿಗೆ ಬಂದಳು.

"ನನ್ನ ಗುರುತು ಸಿಗಲಿಲ್ವಾ ಆಯಮ್ಮ? ನಿಮ್ಮ ಸಿಂಬಳದ ರಾಣಿ."

ಮೂವತ್ತು ವರ್ಷದ ಹಿಂದಿನ ಒಂದು ಮೂಗು ಆಯಮ್ಮನಿಗೆ ನೆನಪಾಯಿತು. ಎಷ್ಟು ಒರೆಸಿದರೂ ಮುಗಿಯದ ಮೂಗು. ಮರಳಗುಂಡಿಯಲ್ಲಿ ಸದಾ ತನ್ನ ಮಗಳ ಪಕ್ಕದಲ್ಲೇ ಕೂರುತ್ತಿದ್ದ ಹುಡುಗಿ.

"ನೀನಾ," ಎಂದಳು ಆಯಮ್ಮ. "ಮೂಗು ಸೋರೋದು ನಿಂತಿದೆ."

"ಮೂಗು ನಿಂತಿತು, ಬಾಯಿ ನಿಂತಿಲ್ಲ ಅಂತಾರೆ ನಮ್ಮನೆಯವರು." ನರ್ಸಮ್ಮ ನಕ್ಕಳು. "ಹೋದ ತಿಂಗಳು ಬಂದ್ವಿ. ನಮ್ಮತ್ತೆಗೆ ಕೋಪ, ಬರುವಾಗ ಟೀವಿ ಎತ್ಕೊಂಡು ಬಂದುಬಿಟ್ವಿ ಅಂತ. ಮೊಮ್ಮಗಳ ಜೊತೇನೂ ಮಾತು ಬಿಟ್ಟಿದ್ದಾರೆ."

ಅಜ್ಜಿಯ ಕೋಪ ಟೀವಿಯದು. ಆಯಮ್ಮ ಮೆಲ್ಲಗೆ ಕೇಳಿದಳು, "ಮಗೂಗೆ ಆ ಮಾತು... ಯಾರಿಗಂತೆ ಅನ್ನೋದು. ನಾನು ನಿಂಗೆ ಹೇಳಿಕೊಟ್ಟಿರಲಿಲ್ಲ."

"ನಿಮ್ಮ ಮಗಳು ಹೇಳಿದ್ಲು. ಮರಳಗುಂಡಿಯಲ್ಲಿ. ಅಮ್ಮ ಯಾರಿಗೂ ಹೇಳಬೇಡ ಅಂದಿದ್ದಾಳೆ, ನಿಂಗೊಬ್ಬಳಿಗೇ ಹೇಳ್ತೀನಿ ಅಂತ ಆಣೆ ಹಾಕಿಸ್ಕೊಂಡು ಹೇಳಿದ್ಲು." ನರ್ಸಮ್ಮ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಇಷ್ಟು ವರ್ಷ ಆದ ಮೇಲೆ ಬೈಬೇಡಿ."

ಗುಟ್ಟು ಹುಟ್ಟಿದ ವರ್ಷವೇ ಹೊರಗೆ ಹೋಗಿತ್ತು. ಆಯಮ್ಮನಿಗೆ ಒಂದು ಕ್ಷಣ, ನಾಲ್ಕು ವರ್ಷದ ಮಗಳು ಮರಳು ಮೆತ್ತಿದ ಕೈ ಬಾಯಿಗಿಟ್ಟು ಪಿಸುಗುಡುವುದು ಕಂಡಿತು.

"ಅವಳು ಸಿಗ್ತಾಳಾ ನಿಂಗೆ?"

"ಆಗಾಗ ಫೋನ್ ಮಾಡ್ತೀವಿ. ಅಲ್ಲಿದ್ದಾಗ ಇಬ್ಬರದೂ ಒಂದೇ ಆಸ್ಪತ್ರೆ."

ಕೇಳಬಾರದು ಅಂದುಕೊಂಡೇ ಆಯಮ್ಮ ಕೇಳಿದಳು. "ಅವಳ ಮಗೂಗೂ ಈ ಮಾತು ಬರುತ್ತಾ?"

ನರ್ಸಮ್ಮ ಮಗಳ ಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡಳು. ಅವಳ ಬಾಯಿಗೂ ನಿಲ್ಲುವುದು ಗೊತ್ತಿತ್ತು.

"ಇಲ್ಲ ಆಯಮ್ಮ. ಒಂದ್ಸಲ ನಮ್ಮನೇಲಿ ಇವಳು ಹೊಸಂತೆ ಅಂದಿದ್ದು ಕೇಳಿ ನಿಮ್ಮ ಮಗಳು ಎದ್ದು ಬಾಲ್ಕನಿಗೆ ಹೋದ್ಲು. ನನ್ನ ಮಗಳ ಮುಂದೆ ಅದನ್ನ ಹೇಳಿಸಬೇಡ ಕಣೇ ಅಂದ್ಲು. ಯಾಕೆ ಅಂತ ನಾನೂ ಕೇಳಲಿಲ್ಲ."

ಶಿಶುವಿಹಾರ ಖಾಲಿಯಾಗುತ್ತಿತ್ತು. ಅದೆಷ್ಟು ಮಕ್ಕಳ ಬಾಯಲ್ಲಿ ಆ ಮಾತು ಊರೂರು ಸುತ್ತಿದೆ; ಹುಟ್ಟಿದ ಮನೆಯಲ್ಲಿ ಅದಕ್ಕೆ ಬಾಗಿಲು ಮುಚ್ಚಿದೆ. ಮುಚ್ಚಿಸಿದವಳು ತಾನು. ದೇವರೇ, ಒಂದು ಸಲ ನೋಡುವ ಹಾಗೆ ಮಾಡು ಅಂತ ದಿನಾ ಬೇಡಿದೆನಲ್ಲ, ನೀನು ತೋರಿಸಿದ್ದು ಇದನ್ನು.

"ಫೋನ್ ಹಚ್ಚಿಕೊಡ್ತೀಯಾ?" ಎಂದಳು ಆಯಮ್ಮ.

ನರ್ಸಮ್ಮ ಹಚ್ಚಿಕೊಟ್ಟು, ಮಗಳನ್ನು ಕರೆದುಕೊಂಡು ಜಾರುಬಂಡೆಯ ಕಡೆ ಹೋದಳು.

ನಾಲ್ಕು ಸಲ ರಿಂಗಾಯಿತು.

"ಹಲೋ, ಅಮ್ಮ ಬಟ್ಟೆ ಒಣಹಾಕ್ತಿದ್ದಾರೆ," ಅಂದಿತು ಒಂದು ಮಗುವಿನ ದನಿ. "ನೀವ್ಯಾರು?"

ಯಾರೆಂದು ಹೇಳುವುದು?

"ನಾನು ಆಯಮ್ಮ."

"ಯಾವ ಆಯಮ್ಮ?"

"ಮಕ್ಕಳನ್ನ ನೋಡ್ಕೊಳ್ಳೋ ಆಯಮ್ಮ. ಇವತ್ತು ಎಲ್ಲರನ್ನೂ ಪಾರ್ಕಿಗೆ ಕರ್ಕೊಂಡು ಹೋಗಿದ್ದೆ. ಎಲೆದೋಣಿ ಬಿಟ್ವಿ."

"ನನ್ನ ಕರೀಲೇ ಇಲ್ಲ," ಅಂದಿತು ಮಗು.

ಆಯಮ್ಮ ಕಣ್ಣು ಮುಚ್ಚಿಕೊಂಡಳು. "ಹೌದು ಕಂದಾ. ಕರೀಬೇಕಿತ್ತು." ಉಸಿರು ತೆಗೆದುಕೊಂಡು ಕೇಳಿದಳು, "ನಿಮ್ಮನೆ ಕಿಟಕಿಯಿಂದ ಏನು ಕಾಣುತ್ತೆ?"

"ಮರ."

"ಮರದಲ್ಲಿ?"

ಕುರ್ಚಿ ಎಳೆದ ಸದ್ದು. ಹತ್ತಿದ ಸದ್ದು. "ಎಲೆ. ಚಿಕ್ಕ ಚಿಕ್ಕದು. ಕೆಂಪಗಿದೆ. ನಿನ್ನೆ ಇರಲೇ ಇಲ್ಲ."

ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆಯಮ್ಮ ನುಂಗಿಕೊಂಡಳು. ಮಗಳು ಬಾಗಿಲು ಹಾಕಿದ ಮಾತನ್ನು ಕಿಟಕಿಯಿಂದ ತೂರಿಸುವುದು ಸರಿಯಲ್ಲ.

"ಚೆನ್ನಾಗಿ ನೋಡು ಕಂದಾ," ಎಂದಳು. "ನೋಡ್ತಾ ಇರು."

"ಯಾರೇ ಅದು, ಕುರ್ಚಿ ಮೇಲಿಂದ ಇಳಿ," ಎಂದು ಹಿಂದಿನಿಂದ ಒಂದು ದನಿ ಬಂತು. ಏಳು ವರ್ಷದಲ್ಲಿ ಸ್ವಲ್ಪ ದಪ್ಪಗಾಗಿದ್ದ ದನಿ. ಫೋನು ಕೈ ಬದಲಾಯಿತು. "ಹಲೋ?"

"ನಾನು ಕಣೇ."

ಆ ಕಡೆ ಬಕೆಟ್ಟಿಗೆ ನೀರು ತೊಟ್ಟಿಕ್ಕುವುದು ಮಾತ್ರ ಕೇಳಿಸುತ್ತಿತ್ತು.

"ಆ ಮಾತು ನಿಂದು," ಎಂದಳು ಆಯಮ್ಮ. "ನಾನು ಅದನ್ನ ಬೈಗುಳ ಮಾಡಿದೆ. ತಪ್ಪಾಯ್ತು ಅಂತ ಹೇಳೋಕೆ ಫೋನ್ ಮಾಡಿದೆ, ಬೇರೆ ಏನಿಲ್ಲ. ಆ ಮಗೂಗೆ ನಾನೇನೂ ಹೇಳಿಲ್ಲ."

ನೀರು ತೊಟ್ಟಿಕ್ಕುತ್ತಲೇ ಇತ್ತು. ದೂರದಲ್ಲಿ ಮೊಮ್ಮಗಳು ಯಾವುದೋ ಹಾಡಿನ ಅರ್ಧ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

"ನಿನ್ನ ಮಂಡಿ ಹೇಗಿದೆ?" ಎಂದಳು ಮಗಳು.

"ಇದೆ."

ಆ ಕಡೆ ಬಕೆಟ್ಟು ಎತ್ತಿದ ಸದ್ದು.

"ಬಟ್ಟೆ ಒಣಹಾಕ್ತಿದ್ದೆ. ಆಮೇಲೆ ಮಾಡ್ತೀನಿ."

"ಹೂಂ," ಎಂದಳು ಆಯಮ್ಮ. ಯಾವಾಗ ಎಂದು ಕೇಳಲಿಲ್ಲ.

ಫೋನು ಮರಳಿಸಿದಳು. ಜಾರುಬಂಡೆಯ ತುದಿಯಲ್ಲಿ ಮೌನಿ ಕೂತಿದ್ದಳು, ಕೂದಲಲ್ಲಿ ಆ ಬಿಳಿ ಕುಚ್ಚು ಇನ್ನೂ ಇತ್ತು. ತಾಯಿ ಮಗಳು ಗೇಟು ದಾಟಿ ಹೋಗುವುದನ್ನು ನೋಡಿ, ಆಯಮ್ಮ ಮರಳಗುಂಡಿಯ ಅಂಚಿಗೆ ಕೂತು ಹಗ್ಗ ಸುತ್ತತೊಡಗಿದಳು. ಸುತ್ತಿ ಮುಗಿದರೂ ಅದನ್ನು ಬೀರುವಿನ ತಳಕ್ಕೆ ಹಾಕಲು ಏಳಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು, ಕಚೇರಿಯ ಕಿಟಕಿಯ ಒಳಗೆ ಮೇಜಿನ ಮೇಲಿದ್ದ, ಮಗಳಿಗೆ ಚಿಕ್ಕಂದಿನಿಂದ ನಂಬರು ಬಾಯಿಪಾಠವಿದ್ದ ಫೋನು ಕಾಣುವ ಹಾಗೆ ಕೊಂಚ ಓರೆಯಾಗಿ ತಿರುಗಿ ಕೂತಳು.